ಶನಿವಾರದ ಎತ್ತು

೧೯೬೧ರ ಆಗಸ್ಟ್ ೧೩, ಭಾನುವಾರ. ಆ ದಿನದ ನನ್ನ ಡೈರಿಯಲ್ಲಿ ಈ ಪ್ರಶ್ನೆ ಇದೆ: "ಗುರುಗಳೇ, ನಮ್ಮ ಧರ್ಮಶಾಸ್ತ್ರವನ್ನು ಹೀಬ್ರೂವಿನಲ್ಲಿ ಹಲಾಖಾ ಎನ್ನುತ್ತಾರೆ. ಆ ಪದ ಹುಟ್ಟಿದ್ದು 'ನಡೆಯುವುದು' ಎಂಬ ಧಾತುವಿನಿಂದ. ಕಾನೂನಿಗೂ ಕಾಲಿಗೂ ಏನು ಸಂಬಂಧ?"

ಕೇಳಿದವನು ಮುಂಬಯಿಯಲ್ಲಿ ನನ್ನ ಜೊತೆ ಎಂ.ಎ. ಓದುತ್ತಿದ್ದ ರೂಬೆನ್. ಪೇಣಕರ ಗುರುಗಳು ಭಾನುವಾರ ನಮಗೆ ಹೀಬ್ರೂ ಹೇಳಿಕೊಡುತ್ತಿದ್ದರು. ಗುರುಗಳೂ ರೂಬೆನ್ನೂ ಯೆಹೂದ್ಯರು. ರೂಬೆನ್ ಮನೆಯಲ್ಲಿ ಬಾಡಿಗೆಯ ಎರಡು ಕುದುರೆಗಾಡಿಗಳಿದ್ದವು. ಶನಿವಾರ ಅವರಿಗೆ ವಿಶ್ರಾಂತಿಯ ದಿನ. ಅವನು ತಪ್ಪದೆ ಪ್ರಾರ್ಥನೆಗೆ ಹೋಗುತ್ತಿದ್ದ; ಅಂದು ಗಾಡಿ ಹೊಡೆಯಲು ಆಳುಗಳಿದ್ದರು.

ಗುರುಗಳು ಹೇಳಿದರು:

ಕೊಂಕಣದ ಕಡಲ ಬದಿಯಲ್ಲಿ ನಮ್ಮವನೊಬ್ಬ ಗಾಣಿಗನಿದ್ದ. ಅವನ ಹಿರಿಯರು ಬಂದ ಹಡಗು ಒಡೆದು ಅವರ ಗ್ರಂಥಗಳು ಸಮುದ್ರದ ಪಾಲಾಗಿದ್ದವು. ಅವನಿಗೆ ಅಕ್ಷರ ತಿಳಿಯದು. ಶನಿವಾರ ಗಾಣ ತಿರುಗಿಸಬಾರದು ಎಂಬುದೊಂದು ತಿಳಿದಿತ್ತು.

ಒಂದು ಶನಿವಾರ ಬೆಳಿಗ್ಗೆ ಊರ ಪಾಟೀಲ ಬಂದ. ಮರುದಿನ ಅವನ ಮಗಳ ಮದುವೆ. ಅದಕ್ಕೆಂದು ತುಂಬಿಟ್ಟಿದ್ದ ಎಣ್ಣೆಯ ಕೊಡಗಳು ಒಡೆದುಹೋಗಿದ್ದವು.

"ಗಾಣ ಹೂಡು."

"ಇವತ್ತು ಆಗೋದಿಲ್ಲ ಧಣಿ. ಹೊತ್ತು ಮುಳುಗಿದ ಕೂಡಲೇ ಹೂಡ್ತೇನೆ."

"ಯಾವ ಶಾಸ್ತ್ರದಲ್ಲಿದೆಯೋ ಅದು? ತೋರಿಸು."

"ನನಗೆ ಓದೋಕೆ ಬರೋದಿಲ್ಲ."

ಪಾಟೀಲ ನಕ್ಕ. "ಓದೋಕೆ ಬಾರದ ಪಂಡಿತ! ಆಯ್ತಪ್ಪ, ನೀನು ಮಲಗಿಕೋ. ಎತ್ತು ಕೊಡು, ನನ್ನ ಆಳು ಹೊಡೀತಾನೆ."

"ಎತ್ತಿಗೂ ಇವತ್ತು ಬಿಡುವು, ಧಣಿ. ನಮ್ಮಪ್ಪನೂ ಕಟ್ಟುತ್ತಿರಲಿಲ್ಲ."

ಪಾಟೀಲ ಸಂಜೆಯವರೆಗೆ ಕಾಯಲಿಲ್ಲ. ಬೇರೆ ಊರಿನಿಂದ ಎಣ್ಣೆ ತರಿಸಿದ. ಮದುವೆ ಮುಗಿದ ಮೇಲೆ ಗಾಣಿಗನನ್ನು ಊರು ಬಿಡಿಸಿದ. ಗಾಣದ ಕಲ್ಲನ್ನು ಹೊತ್ತೊಯ್ಯಲಾಗದೆ ಅವನು ಅಲ್ಲಿಯೇ ಬಿಟ್ಟ. ಎತ್ತನ್ನು ಹಿಡಿದುಕೊಂಡು ಹೋದ. ಮುಂದೆ ಅವನ ಮಗನೂ ಶನಿವಾರ ಗಾಣ ಹೂಡಲಿಲ್ಲ.

ಗುರುಗಳ ಕಥೆ ಮುಗಿಯಿತು. ರೂಬೆನ್ ಕೇಳಿದ: "ಪಾಪ, ಅವನಿಗೆ ಹಲಾಖಾ ಎಂಬ ಪದವೇ ಗೊತ್ತಿರಲಿಲ್ಲವಲ್ಲ?"

"ನಿನಗೆ ಗೊತ್ತಿದೆಯಲ್ಲ ಮಗು, ನಿನ್ನೆ ನಿಮ್ಮ ಕುದುರೆಗಳು ಎಲ್ಲಿದ್ದವು?"



ಮುಂದಿನ ವಾರದಿಂದ ಶನಿವಾರಗಳಂದು ರೂಬೆನ್ ಮನೆಯ ಗಾಡಿಗಳು ಹೊರಗೆ ಬರಲಿಲ್ಲ. ಶನಿವಾರವೂ ಅವುಗಳಲ್ಲಿ ಮಕ್ಕಳನ್ನು ಕಳಿಸುತ್ತಿದ್ದ ಶಾಲೆಯವರು ಬೇರೆಯವರನ್ನು ಗೊತ್ತುಮಾಡಿಕೊಂಡರು. ದೀಪಾವಳಿಯ ಹೊತ್ತಿಗೆ ಒಂದು ಗಾಡಿಯೂ ಅದರ ಕುದುರೆಯೂ ಮಾರಾಟವಾದವು. ರೂಬೆನ್ ಎಂ.ಎ. ಪರೀಕ್ಷೆಗೆ ಕೂರಲಿಲ್ಲ. ಆಳುಗಳನ್ನು ಬಿಡಿಸಿ, ಉಳಿದ ಗಾಡಿಯನ್ನು ತಾನೇ ಹೊಡೆದ, ವಾರಕ್ಕೆ ಆರು ದಿನ.