ಪಾವು ಒಂದೇ, ತೂಕ ಬೇರೆ

ಚನ್ನರಾಯಪಟ್ಟಣದ ವರದಾಚಾರ್ಯರ ಬೇಕರಿಯ ಬೆಣ್ಣೆ ಬಿಸ್ಕತ್ತು ಬಾಯಿಗಿಟ್ಟರೆ ಕರಗುತ್ತಿತ್ತು. ಅಲ್ಲಿ ಏಳು ವರ್ಷ ಒಲೆ ನೋಡಿಕೊಂಡ ಪುಟ್ಟತಾಯಮ್ಮ ತನ್ನೂರಿನಲ್ಲಿ ಸ್ವಂತ ಬೇಕರಿ ತೆರೆದಳು. ಹಿಟ್ಟು ಅಳೆಯುವುದು ಅಷ್ಟು ವರ್ಷವೂ ಆಚಾರ್ಯರದೇ ಕೆಲಸವಾಗಿತ್ತು. ಈಗ ಅವರು ಏನನ್ನೂ ಬಚ್ಚಿಡದೆ ಹೇಳಿಕೊಟ್ಟರು: ಮೈದಾ ಮೂರು ಪಾವು, ಬೆಣ್ಣೆ ಒಂದು ಪಾವು, ಸಕ್ಕರೆ ಪುಡಿ ಒಂದು ಪಾವು. ತಮ್ಮಲ್ಲಿದ್ದ ಒಂದೇ ಅಳತೆಯ ಎರಡು ಹಿತ್ತಾಳೆ ಪಾವುಗಳಲ್ಲಿ ಒಂದನ್ನು ಅವಳಿಗೇ ಕೊಟ್ಟರು.

ಪುಟ್ಟತಾಯಮ್ಮ ಹೇಳಿದಂತೆಯೇ ಅಳೆದಳು. ಬಿಸ್ಕತ್ತು ಹಲ್ಲಿಗೆ ಸವಾಲು ಹಾಕಿತು. ಮರುದಿನವೂ ಅದೇ ಕಥೆ. ಹದಿನೈದು ದಿನದಲ್ಲಿ ಗಿರಾಕಿಗಳು ಅಂಗಡಿಯತ್ತ ತಿರುಗಿಯೂ ನೋಡದಾದರು. ಇನ್ನೊಂದು ತಿಂಗಳು ಹೀಗೇ ಹೋದರೆ ಬೇಕರಿ ಮುಚ್ಚಬೇಕಿತ್ತು.

"ಯಾರಾದ್ರೂ ಗುಟ್ಟನ್ನ ಪೂರ್ತಿ ಹೇಳಿಕೊಡ್ತಾರೇನೆ? ಅಯ್ನೋರು ಏನೋ ಒಂದು ಮುಚ್ಚಿಟ್ಟವ್ರೆ," ಎಂದಳು ಪಕ್ಕದ ಹೂವಿನಂಗಡಿಯ ಸಾಕಮ್ಮ.

ಸೋತವರ ಕಿವಿಗೆ ಇಂಥ ಮಾತು ಬಹಳ ಹಿತ. ಆದರೆ ಪುಟ್ಟತಾಯಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಬಗ್ಗೆ ನನಗೆ ಗೌರವ ಹುಟ್ಟಿದ್ದು ಇಲ್ಲೇ. ಗ್ರಾಂ ತೋರಿಸುವ ಪುಟ್ಟ ತೂಕದ ಯಂತ್ರವೊಂದನ್ನು ಚೀಲಕ್ಕೆ ಹಾಕಿಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಿದಳು.

"ಅಯ್ನೋರೇ, ನೀವು ಅಳೀರಿ. ಅಳೆದದ್ದನ್ನ ನಾನು ತೂಗ್ತೀನಿ."

ಬೇಕರಿಯವರೆಲ್ಲ ಕೈಕೆಲಸ ನಿಲ್ಲಿಸಿದರು. ಗುರುವಿನ ಕೈಯನ್ನೇ ತೂಗುವುದೆಂದರೇನು? ಆಚಾರ್ಯರ ಮುಖವೂ ಒಂದು ಗಳಿಗೆ ಬಿಗಿಯಾಯಿತು. ಆಮೇಲೆ ನಕ್ಕರು. "ತೂಗಮ್ಮ, ನನಗೂ ಗೊತ್ತಾಗ್ಲಿ."

ಅವರು ಮೈದಾವನ್ನು ಜರಡಿ ಹಿಡಿದರು. ಚಮಚದಿಂದ ಹಗುರಾಗಿ ಪಾವಿಗೆ ತುಂಬಿ, ಮೇಲೆ ಮರದ ಪಟ್ಟಿ ಎಳೆದು ಸಮ ಮಾಡಿದರು. ನೂರಹದಿನೈದು ಗ್ರಾಂ ಬಂತು. ಇನ್ನೊಮ್ಮೆ ಅಳೆದರೂ ನೂರಹದಿನೈದೇ. ಮೂರನೆಯದಕ್ಕೆ ಒಂದು ಗ್ರಾಂ ಹೆಚ್ಚಾಯಿತು, ಅಷ್ಟೇ. ಅದೇ ಪಾವಿನ ಬೆಣ್ಣೆ ಇನ್ನೂರಿಪ್ಪತ್ತು ತೂಗಿತು. ಎಂಥ ಕೈ ಅದು ಎಂದು ಪುಟ್ಟತಾಯಮ್ಮನ ಕಣ್ಣು ತುಂಬಿತು.

"ಈಗ ನೀನು ಅಳಿ," ಎಂದರು ಆಚಾರ್ಯರು.

ಅವಳು ಪಾವನ್ನು ಮೈದಾ ಚೀಲಕ್ಕೆ ಇಳಿಸಿ ಮೊಗೆದಳು. ಎರಡು ಸಲ ಕುಕ್ಕಿದಳು. ಮೇಲೆ ಇನ್ನೊಂದು ಹಿಡಿ ಸುರಿದು ಗೋಪುರ ನಿಲ್ಲಿಸಿದಳು. ನೂರ ಎಪ್ಪತ್ತು ಗ್ರಾಂ. ಪಾವಿಗೆ ಐವತ್ತೈದು ಗ್ರಾಂ ಮೈದಾ ಹೆಚ್ಚಾದರೆ ಬಿಸ್ಕತ್ತು ಗಟ್ಟಿಯಾಗದೆ ಇನ್ನೇನು?

"ಯಾಕಮ್ಮ ಹೀಗೆ ಕುಕ್ಕಿ ತುಂಬ್ತೀಯ?"

"ಇನ್ನೊಬ್ಬರಿಗೆ ಅಕ್ಕಿ ಅಳೆಯುವಾಗ ಕೈ ಬಿಗಿ ಮಾಡಬಾರ್ದು ಅಂತ ನಮ್ಮವ್ವ ಕಲಿಸಿದ್ಲು, ಅಯ್ನೋರೇ. ಗಿರಾಕಿಗೆ ತಾನೇ ಅಂತ ಮೈದಾನೂ ಹಂಗೇ ಅಳೆದೆ."

ಆಚಾರ್ಯರು ತಮ್ಮ ಜರಡಿಯನ್ನು ಕೈಗೆತ್ತಿಕೊಂಡರು. "ತಪ್ಪು ನಂದು. ಜರಡಿ ಹಿಡಿಯೋದು, ಹಗುರಾಗಿ ತುಂಬೋದು ನನಗೆ ಎಷ್ಟು ರೂಢಿ ಅಂದ್ರೆ, ಅದನ್ನ ಹೇಳಬೇಕು ಅಂತಲೇ ಹೊಳೀಲಿಲ್ಲ. ನಿನಗೆ ಪಾವು ಕೊಟ್ಟೆ, ಅಳೆಯೋ ರೀತಿ ಕೊಡಲಿಲ್ಲ." ಹೀಗೆಂದು ಪ್ರತಿಯೊಂದು ಸಾಮಾನನ್ನೂ ತಾವೇ ಅಳೆದು, ತೂಗಿಸಿ, ಗ್ರಾಂ ಲೆಕ್ಕದಲ್ಲಿ ಚೀಟಿ ಬರೆದುಕೊಟ್ಟರು. ಅಂಥದೇ ಇನ್ನೊಂದು ಚೀಟಿಯನ್ನು ತಮ್ಮ ಗೋಡೆಗೂ ಅಂಟಿಸಿದರು.

ಮರುದಿನ ಪುಟ್ಟತಾಯಮ್ಮ ಚೀಟಿಯಂತೆ ತೂಗಿ ಬಿಸ್ಕತ್ತು ಮಾಡಿದಳು. ಮೊದಲ ತಟ್ಟೆ ಸಾಕಮ್ಮನಿಗೇ ಹೋಯಿತು. ಸಾಕಮ್ಮ ಒಂದು ತಿಂದು ಇನ್ನೊಂದಕ್ಕೆ ಕೈ ಹಾಕಿದಳು.

ಈಗ ಆ ಬೇಕರಿಯಲ್ಲಿ ಎಲ್ಲವೂ ತೂಕದಲ್ಲೇ. ಹಿತ್ತಾಳೆ ಪಾವು ಮನೆಯ ಅಕ್ಕಿ ಡಬ್ಬಿಯಲ್ಲಿದೆ. ಯಾರಾದರೂ ಅಕ್ಕಿ ಕೇಳಿ ಬಂದರೆ ಪುಟ್ಟತಾಯಮ್ಮ ಈಗಲೂ ಅದರಲ್ಲೇ ಅಳೆಯುತ್ತಾಳೆ, ಎರಡು ಸಲ ಕುಕ್ಕಿ, ಗೋಪುರ ನಿಲ್ಲಿಸಿ.

ನೀತಿ: ಕೆಲಸ ಕೆಟ್ಟಾಗ ಕಲಿಸಿದವರ ಮನಸ್ಸನ್ನು ಶಂಕಿಸುವ ಮೊದಲು ನಿಮ್ಮ ಅಳತೆಯನ್ನು ತೂಗಿ ನೋಡಿ. ಕಲಿಸುವವರು ತಮ್ಮ ಕೈಗೆ ರೂಢಿಯಾದದ್ದನ್ನೂ ಬಿಡಿಸಿ ಹೇಳಲಿ. ಧಾರಾಳ ಕೊಡುವಾಗ ಇರಲಿ, ಮಾಡುವಾಗ ಹದವಿರಲಿ.