ಕೆಸರು ಓದುವ ಕೆಂಚಿ

ಕಲ್ಲುಗುಡ್ಡದ ಬುಡದಲ್ಲಿ ಒಂದು ಕೊಳ ಇತ್ತು ಮಕ್ಕಳೇ. ಮೂರು ಕಡೆ ಕಡಿದಾದ ಬಂಡೆ, ಒಂದು ಕಡೆ ಮಾತ್ರ ಮೆತ್ತನೆಯ ಕೆಸರಿನ ದಡ. ನೀರಿನ ಮೇಲೆ ತಾವರೆ ಎಲೆ ಎಷ್ಟು ಒತ್ತಾಗಿ ಹಬ್ಬಿತ್ತೆಂದರೆ, ಕೆಳಗೆ ಮೀನಿದೆಯೋ ಮತ್ತೇನಿದೆಯೋ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅದಕ್ಕೇ ಆ ಕಾಡಿನವರು ಒಂದು ರೂಢಿ ಮಾಡಿಕೊಂಡಿದ್ದರು. ಬೆಳಗಾಯಿತೆಂದು ಯಾರೂ ನೀರಿಗೆ ನುಗ್ಗುವಂತಿಲ್ಲ. ಮೊದಲು ಒಬ್ಬರು ದಡದ ಕೆಸರನ್ನು ಓದಬೇಕು.

ಕೆಸರನ್ನು ಓದುವುದೇ ಎಂದು ನಗಬೇಡಿ. ನಿಮಗೆ ಪುಸ್ತಕದಲ್ಲಿ ಅಕ್ಷರ ಇದ್ದ ಹಾಗೆ ಅವರಿಗೆ ಕೆಸರಿನಲ್ಲಿ ಹೆಜ್ಜೆ. ರಾತ್ರಿ ಬಂದವರೆಲ್ಲ ತಾವು ಬಂದದ್ದನ್ನು ಅಲ್ಲಿ ಬರೆದೇ ಹೋಗುತ್ತಾರೆ. ಸೀಳು ಗೊರಸಾದರೆ ಹಂದಿ. ಉಗುರು ಕಾಣದ ದುಂಡು ಹೆಜ್ಜೆಯಾದರೆ ಚಿರತೆ. ಹೊಟ್ಟೆ ಎಳೆದುಕೊಂಡು ಹೋದ ಅಗಲದ ಗೆರೆಯಾದರೆ... ಇರಲಿ, ಅದು ಆಮೇಲೆ ಬರುತ್ತದೆ. ಈ ತುದಿಯ ಹೊಂಗೆಮರದಿಂದ ಹಿಡಿದು, ನಡುವಿನ ಕರಿಕಲ್ಲು ದಾಟಿ, ಆ ತುದಿಯ ಲಕ್ಕಿಗಿಡದವರೆಗೂ ಓದಿ, ಓದಿದವರು "ಬನ್ನಿ" ಎಂದರೆ ಮಾತ್ರ ಮಿಕ್ಕವರು ನೀರಿಗೆ ಇಳಿಯುವುದು.

ಬಹಳ ಕಾಲ ಈ ಕೆಲಸವನ್ನು ಒಂದು ಮುದಿ ಮುಂಗುಸಿ ಮಾಡಿಕೊಂಡು ಬಂದಿತ್ತು. ಕಣ್ಣಿಗೆ ಪೊರೆ ಬಂದ ಮೇಲೆ ಅದು ತನ್ನ ಮೊಮ್ಮಗಳು ಕೆಂಚಿಯನ್ನು ಆ ಜಾಗದಲ್ಲಿ ನಿಲ್ಲಿಸಿತು. ಕೆಂಚಿ ಚುರುಕು ಅಂದರೆ ಚುರುಕು. ಹೆಜ್ಜೆ ನೋಡಿದ ಕೂಡಲೇ ಬಂದವರು ಕುಂಟುತ್ತಿದ್ದರೋ ಓಡುತ್ತಿದ್ದರೋ ಹೇಳಿಬಿಡುತ್ತಿದ್ದಳು. ಆದರೆ ಅವಳಿಗೊಂದು ಕಾಯಿಲೆ. ಯಾರಾದರೂ ಕರೆದರೆ ಕಿವಿ ಅತ್ತ ತಿರುಗುತ್ತಿತ್ತು. ಯಾರಾದರೂ ಮುಖ ಸಪ್ಪಗೆ ಮಾಡಿದರಂತೂ ಮುಗಿಯಿತು, ಕಾಲೂ ಅತ್ತಲೇ ತಿರುಗುತ್ತಿತ್ತು. ನಿಮ್ಮಲ್ಲಿ ಅಂಥವರು ಯಾರೂ ಇಲ್ಲ ಬಿಡಿ, ನನಗೆ ಗೊತ್ತು.

ಒಂದು ಬೆಳಿಗ್ಗೆ ಕೆಂಚಿ ಹೊಂಗೆಮರದ ಬುಡದಿಂದ ಓದು ಶುರುಮಾಡಿದಳು. ಓದುತ್ತಾ ಅಂಚಿನಲ್ಲೇ ನಡೆದು ಹೋಗುವುದು ಅವಳ ಕ್ರಮ. ನಡುವೆ ಯಾರಾದರೂ ಕರೆದರೆ ಹೋಗಿ ಬಂದು, ತನ್ನ ಹೆಜ್ಜೆ ಎಲ್ಲಿಗೆ ನಿಂತಿದೆಯೋ ಅಲ್ಲಿಂದ ಮುಂದಕ್ಕೆ ಹಿಡಿಯುತ್ತಿದ್ದಳು.

ಕರಿಕಲ್ಲು ಇನ್ನೂ ಅಷ್ಟು ದೂರವಿದೆ ಎನ್ನುವಾಗ ಮೇಲಿನಿಂದ ಅಳಿಲು ಕೂಗಿತು. ಅತ್ತಿಮರದ ಕೆಳಗೆ ಹಣ್ಣು ಸುರಿದಿದೆಯಂತೆ, ಈಗ ಬರದಿದ್ದರೆ ಕೋತಿಗಳ ಪಾಲಾಗುತ್ತದಂತೆ. ಕೆಂಚಿ ಹೋಗಿ ಎರಡು ಹಣ್ಣು ಮೂಸಿ ನೋಡಿ ಬಂದಳು. ಮುಂಗುಸಿಗೆ ಅತ್ತಿಹಣ್ಣು ಯಾಕೆ ಬೇಕಿತ್ತೋ, ಅವಳನ್ನೇ ಕೇಳಬೇಕು.

ಬಂದು ಕೆಸರಿಗೆ ಮೂಗು ತಾಗಿಸುವಷ್ಟರಲ್ಲಿ ಹೆಣ್ಣುನವಿಲು ಸೋಬಾನಮ್ಮ ಎದುರಿಗೆ ನಿಂತಿದ್ದಳು. ಕುತ್ತಿಗೆ ಒಂದು ಕಡೆಗೆ, ಮುಖ ಇನ್ನೊಂದು ಕಡೆಗೆ.

"ನಿನ್ನೆ ಸಂಜೆ ನಮ್ಮೋರು ಕುಣಿದರು. ಕಾಡೆಲ್ಲ ಬಂದಿತ್ತು. ನೀನೊಬ್ಬಳು ಬರಲಿಲ್ಲ."

"ಅತ್ತೆ, ಅಜ್ಜಿಗೆ ಮೈ ಸರಿಯಿರಲಿಲ್ಲ."

"ಇರಲಿ ಬಿಡಮ್ಮ. ನಾವು ನಿನಗೆ ಯಾವ ಲೆಕ್ಕ. ನಿನಗೆ ನಿನ್ನ ಕೆಸರೇ ಹೆಚ್ಚು."

ಹೀಗೆಂದು ಸೋಬಾನಮ್ಮ ದಡದುದ್ದಕ್ಕೂ ಹೊರಟೇಬಿಟ್ಟಳು. ನಿಂತು ಜಗಳವಾಡಿದ್ದರೆ ಕೆಂಚಿ ಸುಮ್ಮನಿರುತ್ತಿದ್ದಳೋ ಏನೋ. ಬೆನ್ನು ತಿರುಗಿಸಿ ಹೋದವರನ್ನು ಕಂಡರೆ ಅವಳಿಗೆ ತಡೆಯುವುದಿಲ್ಲ. ಅತ್ತೆ, ಅತ್ತೆ, ಎಂದು ಹಿಂದೆಯೇ ಓಡಿದಳು. ಮಾವನ ಕುಣಿತದ ಹಾಗೆ ಈ ಸೀಮೆಯಲ್ಲೇ ಇಲ್ಲವೆಂದಳು, ನಾಳೆ ಖಂಡಿತ ಬರುವೆನೆಂದಳು, ಹೊಗಳಿದಳು, ಬೇಡಿಕೊಂಡಳು. ಕರಿಕಲ್ಲು ದಾಟಿತು. ಲಕ್ಕಿಗಿಡ ಹತ್ತಿರ ಬಂತು. ಅಲ್ಲಿ ಸೋಬಾನಮ್ಮನ ಮುಖ ಸ್ವಲ್ಪ ಸಡಿಲವಾಯಿತು.

ಆ ದಾರಿಯಲ್ಲಿ, ಕರಿಕಲ್ಲಿನಿಂದ ಆಚೆಗೆ, ಕೆಸರಿನಲ್ಲಿ ಅಗಲವಾದ ಒಂದು ಗೆರೆ ಇತ್ತು. ಹೊಟ್ಟೆ ಎಳೆದ ಗೆರೆ, ಅದರ ಎರಡೂ ಬದಿಗೆ ಪಂಜ, ನಡುವೆ ಬಾಲ ಹೊರಳಿದ ಗುರುತು. ನೇರ ನೀರಿನೊಳಕ್ಕೆ ಹೋಗಿತ್ತು. ಕೆಂಚಿ ಅದರ ಮೇಲೇ ಕಾಲಿಟ್ಟು ದಾಟಿದಳು. ಕಣ್ಣು ಅತ್ತೆಯ ಕೊಕ್ಕಿನ ಮೇಲಿತ್ತಲ್ಲ.

ತಿರುಗಿ ಬರುವಾಗ ಎಲ್ಲಿಗೆ ನಿಲ್ಲಿಸಿದ್ದೆ ಎಂದು ನೋಡಿದಳು. ತನ್ನ ಹೆಜ್ಜೆ ಲಕ್ಕಿಗಿಡದ ಹತ್ತಿರದವರೆಗೂ ಸಾಲಾಗಿ ಬಿದ್ದಿತ್ತು. ಇಷ್ಟೆಲ್ಲ ಓದಿ ಮುಗಿಸಿದ್ದೇನೆಯೇ ಎಂದು ಅವಳಿಗೇ ಖುಷಿಯಾಯಿತು. ಪಕ್ಕದಲ್ಲೇ ನವಿಲಿನ ಕಾಲ್ಗುರುತೂ ಇತ್ತು. ಅದೊಂದನ್ನು ನೋಡಿದ್ದರೂ ಇದು ಓದಿದ ಹೆಜ್ಜೆಯಲ್ಲ, ಬೇಡಿಕೊಂಡು ಹೋದ ಹೆಜ್ಜೆ ಎಂದು ತಿಳಿಯುತ್ತಿತ್ತು. ಅವಳು ಉಳಿದ ಗೇಣುದ್ದ ಕೆಸರನ್ನು ಓದಿ, ತಲೆ ಎತ್ತಿ, "ಬನ್ನಿ" ಎಂದಳು.

ಎಲ್ಲರೂ ಬಂದರು. ಅವತ್ತು ಹೊನ್ನಮ್ಮ ಎನ್ನುವ ಜಿಂಕೆ ತನ್ನ ಮರಿಯನ್ನು ಮೊದಲ ಸಲ ನೀರಿಗೆ ಕರೆತಂದಿದ್ದಳು. ಮರಿ ತಾವರೆ ಎಲೆಯ ಸಂದಿನಲ್ಲಿ ಮೂತಿ ಇಟ್ಟಿತು. ಪಕ್ಕದಲ್ಲಿ ಸೋಬಾನಮ್ಮನ ಗಂಡ ರಾಯಪ್ಪ ತನ್ನ ನೆರಳು ನೋಡಿಕೊಳ್ಳಲು ನೀರಿಗೆ ಬಾಗಿ, ಗರಿಯನ್ನು ಅತ್ತಿಂದಿತ್ತ ಬೀಸಿದ. ಅಷ್ಟೇ. ಎಲೆಗಳು ಮೇಲೆದ್ದವು. ಮರಿಗೆಂದು ತೆರೆದ ಮೊಸಳೆಯ ಬಾಯಿಗೆ ಬೀಸಿ ಬಂದ ನವಿಲುಗರಿ ತುಂಬಿಕೊಂಡಿತು. ಮರಿ ಹಾರಿ ದಡಕ್ಕೆ ಬಿತ್ತು. ರಾಯಪ್ಪನೂ ದಡಕ್ಕೆ ಬಂದ, ಆದರೆ ಹಿಂದಿನಿಂದ ನೋಡಿದರೆ ಯಾವುದೋ ದೊಡ್ಡ ಕೋಳಿಯ ಹಾಗೆ ಕಾಣುತ್ತಿದ್ದ.

ಯಾರು ಯಾರು ಏನೇನು ಬೈದರು ಎಂದು ಹೇಳುತ್ತಾ ಕೂತರೆ ಹೊತ್ತು ಸಾಲದು. ಸೋಬಾನಮ್ಮ ಎಲ್ಲರಿಗಿಂತ ಹೆಚ್ಚು ಬೈದಳು. ಓದುವಾಗ ಓದಬೇಕು, ಊರವರ ಹಿಂದೆ ಅಲೆಯಬಾರದು ಎಂದೂ ಬುದ್ಧಿ ಹೇಳಿದಳು. ಕೆಂಚಿ ಎಲ್ಲವನ್ನೂ ತಡೆದುಕೊಂಡಳು. ಹೊನ್ನಮ್ಮ ಮಾತ್ರ ಬೈಯಲಿಲ್ಲ. ನಡುಗುವ ಮರಿಯನ್ನು ನೆಕ್ಕುತ್ತಾ ಇಷ್ಟೇ ಹೇಳಿದಳು:

"ನೀನು ಬನ್ನಿ ಅಂದೆ. ನಾನು ಮರಿಯನ್ನು ಕರಕೊಂಡು ಬಂದೆ."

ಅದನ್ನು ಮಾತ್ರ ಕೆಂಚಿಗೆ ತಡೆದುಕೊಳ್ಳಲಾಗಲಿಲ್ಲ.

ಬಿಲಕ್ಕೆ ಹೋಗಿ ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿ ನಡೆದದ್ದನ್ನೆಲ್ಲ ಹೇಳಿದಳು. ಅಜ್ಜಿ ಅವಳ ಪಾದ ತಡವಿ ನೋಡಿತು.

"ಈ ಕಾಲು ನಡೆಯುತ್ತದೆ ಮಗಾ, ಓದುವುದಿಲ್ಲ. ಓದು ಎಲ್ಲಿಗೆ ನಿಂತಿತು ಎಂದು ಕಾಲನ್ನು ಯಾಕೆ ಕೇಳಿದೆ?"

ಇನ್ನು ಮೇಲೆ ಓದಿದಷ್ಟಕ್ಕೆ ಒಂದು ಕಡ್ಡಿ ಚುಚ್ಚಿಕೊಳ್ಳಬೇಕು ಎಂದಿತು. ಆಮೇಲೆ ಮೂಲೆಯಿಂದ ಒಂದು ನೆಲ್ಲಿಕಾಯಿ ಹುಡುಕಿ ತೆಗೆದು ಅವಳ ಮುಂದೆ ಉರುಳಿಸಿತು.

"ಓದುವಾಗ ಇದನ್ನು ಬಾಯಲ್ಲಿಟ್ಟುಕೋ. ಯಾರಿಗಾದರೂ ಓಗೊಡಬೇಕೆಂದರೆ ಇದನ್ನು ಉಗಿಯಬೇಕಾಗುತ್ತದೆ. ಉಗಿಯಲೋ ಬೇಡವೋ ಎಂದು ಒಂದು ಗಳಿಗೆ ಯೋಚನೆ ಬರುತ್ತದೆ ನೋಡು, ಆ ಗಳಿಗೆ ಸಾಕು. ನಾನೂ ಹಾಗೇ ಓದಿದವಳು."

"ಕರೆದವರಿಗೆ ಬೇಜಾರಾದರೆ?"

"ಆಗಲಿ. ಓದು ಮುಗಿಯುವವರೆಗೆ ತಾನೇ? ಯಾರೂ ಬೇಜಾರಿನಿಂದ ಸತ್ತದ್ದು ನಾನು ಕಂಡಿಲ್ಲ."

ಅತ್ತ ಕೊಳದಲ್ಲಿ ಮೊಸಳೆಯೂ ಯೋಚನೆ ಮಾಡುತ್ತಿತ್ತು. ಹೊಳೆ ಬತ್ತಿದ ಮೇಲೆ ನೀರು ಹುಡುಕಿಕೊಂಡು ಬಂದ ಮೊಸಳೆ ಅದು, ಸುಲಭಕ್ಕೆ ಹೋಗುವುದಲ್ಲ. ಅವತ್ತು ಬೆಳಿಗ್ಗೆ ಎಲೆಯ ಮರೆಯಿಂದ ಕೆಂಚಿಯ ಓದನ್ನು ನೋಡಿತ್ತು. ಈ ಹುಡುಗಿ ಅರ್ಧ ಓದಿ ಎದ್ದು ಹೋಗುವವಳು ಎಂದು ಅದಕ್ಕೆ ಗೊತ್ತಾಗಿತ್ತು. ಮರುದಿನ ಇನ್ನೂ ಕತ್ತಲಿರುವಾಗಲೇ ಅದು ಹೊಂಗೆಮರದ ಹತ್ತಿರ ದಡ ಹತ್ತಿ, ಎಲ್ಲರಿಗೂ ಕಾಣುವ ಹಾಗೆ ಹೊಟ್ಟೆ ಎಳೆದುಕೊಂಡು ಹೊರಗೆ ಹೋಯಿತು. ಆಮೇಲೆ ಸುತ್ತಿ ಬಂದು ಆ ತುದಿಯಲ್ಲಿ, ಲಕ್ಕಿಗಿಡದ ಕೊಂಬೆಯ ಅಡಿಯಿಂದ, ಮೆಲ್ಲಗೆ ನೀರಿಗೆ ಜಾರಿತು.

ಬೆಳಗಾಯಿತು. ಒಂದು ಹಗಲು ನೀರಿಲ್ಲದೆ ಎಲ್ಲರ ಗಂಟಲೂ ಒಣಗಿತ್ತು. ಕೆಂಚಿ ಬಾಯಲ್ಲಿ ನೆಲ್ಲಿಕಾಯಿ ಇಟ್ಟುಕೊಂಡು ಓದಲು ನಿಂತಳು. ನಿಂತ ಕೂಡಲೇ ಸಿಕ್ಕಿತು, ಹೊರಕ್ಕೆ ಹೋದ ಗೆರೆ. ಅವಳು ನೋಡುವ ಮೊದಲೇ ಅಳಿಲು ಮರದ ಮೇಲಿನಿಂದ ನೋಡಿ ಊರಿಗೆಲ್ಲ ಸಾರಿತ್ತು.

ಮೊಸಳೆ ಹೋಯಿತಂತೆ ಎಂದು ಎಲ್ಲರೂ ದಡದ ಮೇಲೆ ನೂಕಾಡತೊಡಗಿದರು. ಇನ್ನೇನು ಓದುವುದಿದೆ, ಸಾಕು ಮಾಡು ಎಂದರು. ಕೆಂಚಿ ತಲೆ ಎತ್ತಲಿಲ್ಲ. ಓದಿದಷ್ಟಕ್ಕೆ ಒಂದು ಕಡ್ಡಿ ಚುಚ್ಚಿ ಮುಂದೆ ಹೋದಳು.

"ನಿನ್ನೆ ಓದದೆ ನಮ್ಮೋರ ಗರಿ ಕಳೆದಳು, ಇವತ್ತು ಓದಿ ಓದಿ ನಮ್ಮ ಪ್ರಾಣ ಕಳೆಯುತ್ತಾಳೆ" ಎಂದಳು ಸೋಬಾನಮ್ಮ.

ಉತ್ತರ ಕೆಂಚಿಯ ನಾಲಗೆಯ ತುದಿಗೆ ಬಂತು. ಅಲ್ಲಿ ನೆಲ್ಲಿಕಾಯಿ ಇತ್ತು. ಉತ್ತರ ಹಿಂದಕ್ಕೆ ಹೋಯಿತು. ಮತ್ತೊಂದು ಕಡ್ಡಿ ಚುಚ್ಚಿದಳು. ಸೋಬಾನಮ್ಮ ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ಹೋದಳು, ನಿಂತಳು, ಹಿಂದೆ ಯಾರೂ ಬರುತ್ತಿಲ್ಲವೆಂದು ಕಂಡು ತಾನೇ ವಾಪಸು ಬಂದಳು.

ಕರಿಕಲ್ಲಿನ ಹತ್ತಿರ ಬಂದಾಗ ಹೊನ್ನಮ್ಮ ಎದುರಾದಳು. ಅವಳ ಪಕ್ಕದಲ್ಲಿ ಮರಿ ಕುಸಿದು ಕೂತಿತ್ತು. ಮೂತಿ ಒಣಗಿತ್ತು.

"ಕೆಂಚಿ, ಇದಕ್ಕೊಂದು ಗುಟುಕು. ಇದೊಂದಕ್ಕೆ ಮಾತ್ರ ಬನ್ನಿ ಅನ್ನು. ನಿನಗೆ ಕರುಳಿಲ್ಲವೇ?"

ಕೆಂಚಿಯ ಕಣ್ಣು ತುಂಬಿ ಕೆಸರಿನ ಹೆಜ್ಜೆಗಳೆಲ್ಲ ಕಲಸಿಹೋದವು. ಬಾಯಿ ಇನ್ನೇನು ತೆರೆಯಬೇಕು. ಹಲ್ಲು ನೆಲ್ಲಿಕಾಯಿಗೆ ಕಚ್ಚಿಕೊಂಡಿತು. ಹುಳಿ ನೆತ್ತಿಗೇರಿತು. ಆ ಒಂದು ಗಳಿಗೆಯಲ್ಲಿ ಅವಳಿಗೆ ಹೊಳೆಯಿತು: ಈ ಮರಿಗಾಗಿಯೇ ತಾನು ಓದುತ್ತಿರುವುದು. ಮುಂಗೈಯಿಂದ ಕಣ್ಣೊರೆಸಿಕೊಂಡು, ಹೊನ್ನಮ್ಮನನ್ನು ಬಳಸಿಕೊಂಡು, ಮುಂದಿನ ಹೆಜ್ಜೆಗೆ ಮೂಗು ತಾಗಿಸಿದಳು.

ನಿನ್ನೆಯ ಹಳೆಯ ಗೆರೆ ಬಂತು. ಅದು ಒಣಗಿ ಬಿರಿದಿತ್ತು. ದಾಟಿದಳು. ನರಿಯ ಹೆಜ್ಜೆ, ಕೌಜುಗನ ಹಕ್ಕಿಯ ಹೆಜ್ಜೆ. ದಾಟಿದಳು. ಕೊನೆಯ ಗೇಣು ಉಳಿಯಿತು. ಲಕ್ಕಿಗಿಡದ ಕೊಂಬೆ ಸರಿಸಿದಳು. ಅಲ್ಲಿತ್ತು, ಒಳಕ್ಕೆ ಹೋದ ಗೆರೆ, ಇನ್ನೂ ಹಸಿಹಸಿಯಾಗಿ.

ಕೆಂಚಿ ನೆಲ್ಲಿಕಾಯಿಯನ್ನು ಉಗಿದಳು.

"ಹೋದದ್ದೂ ಬರೆದಿದೆ, ಬಂದದ್ದೂ ಬರೆದಿದೆ. ಒಳಗೇ ಇದೆ. ಯಾರೂ ಇಳಿಯಬೇಡಿ."

ನಂಬುವುದೋ ಬಿಡುವುದೋ ಎಂದು ಎಲ್ಲರೂ ಮುಖಮುಖ ನೋಡಿಕೊಂಡರು. ಅಷ್ಟರಲ್ಲಿ ಉಗಿದ ನೆಲ್ಲಿಕಾಯಿ ದಡದ ಇಳಿಜಾರಿನಲ್ಲಿ ಉರುಳಿ ಉರುಳಿ ನೀರಿಗೆ ಬಿತ್ತು, ಬುಳುಕ್. ಮರಿಯೇ ಬಾಯಿ ಇಟ್ಟಿತೆಂದು ಮೊಸಳೆ ಎಲೆ ಸೀಳಿಕೊಂಡು ಎದ್ದು ಗಬಕ್ಕನೆ ಕಚ್ಚಿತು. ಕಚ್ಚಿ, ನಿಂತಿತು. ಕಣ್ಣು ಕಿರಿದಾಯಿತು, ಮೂತಿ ಸೊಟ್ಟಗಾಯಿತು. ನೆಲ್ಲಿಕಾಯಿ ತಿಂದ ಮೊಸಳೆಯ ಮುಖವನ್ನು ಕಂಡವರು ಆ ಕಾಡಿನವರು ಮಾತ್ರ. ಬಾಯಾರಿಕೆಯಲ್ಲೂ ಅವರಿಗೆ ನಗು ಬಂತು.

ಆಮೇಲೆ, ಹಿಂದೆಂದೋ ಬರಗಾಲದಲ್ಲಿ ಕುಡಿದ ಜಾಗವನ್ನು ಕೆಂಚಿಯ ಅಜ್ಜಿ ನೆನಪು ಮಾಡಿಕೊಟ್ಟ ಮೇಲೆ, ಎಲ್ಲರೂ ಗುಡ್ಡ ಹತ್ತಿ ಬಂಡೆಯ ಬಿರುಕಿನಲ್ಲಿ ಹನಿಹನಿಯಾಗಿ ಜಿನುಗುವ ನೀರಿಗೆ ಸರದಿಯಲ್ಲಿ ನಿಂತರು. ಮೊದಲ ಸರದಿ ಮರಿಯದು. ಹೊನ್ನಮ್ಮ ಕೆಂಚಿಯ ಕಿವಿಯನ್ನು ಒಮ್ಮೆ ನೆಕ್ಕಿದಳು.

ಹಸಿದ ಮೊಸಳೆ ಎಷ್ಟು ದಿನ ಕಾದೀತು? ಕೊನೆಗೊಂದು ದಿನ ಹೊರಟೇಹೋಯಿತು. ಅವತ್ತೂ ಕೆಂಚಿ ಹೊರಕ್ಕೆ ಹೋದ ಗೆರೆ ಕಂಡ ಮೇಲೆ ಲಕ್ಕಿಗಿಡದವರೆಗೂ ಓದಿ, ಕೊಂಬೆ ಎತ್ತಿ ನೋಡಿಯೇ "ಬನ್ನಿ" ಎಂದಳು.

ರಾಯಪ್ಪನಿಗೆ ಹೊಸ ಗರಿ ಚಿಗುರುವ ಹೊತ್ತಿಗೆ ಸೋಬಾನಮ್ಮ ಹೊಸ ಬೇಜಾರೊಂದನ್ನು ಹೊತ್ತುಕೊಂಡು ಬೆಳಿಗ್ಗೆ ಬೆಳಿಗ್ಗೆಯೇ ದಡಕ್ಕೆ ಬಂದಳು. ಕೆಂಚಿ ತಲೆ ಎತ್ತದೆ, ಜೊತೆಗೆ ತಂದಿದ್ದ ಇನ್ನೊಂದು ನೆಲ್ಲಿಕಾಯಿಯನ್ನು ಅವಳ ಕಡೆಗೆ ಉರುಳಿಸಿದಳು. ಕೊಕ್ಕಿನಲ್ಲಿ ಕಾಯಿ ಇಟ್ಟುಕೊಂಡು ಸೋಬಾನಮ್ಮ ಲಕ್ಕಿಗಿಡದವರೆಗೂ ಮಾತಿಲ್ಲದೆ ಪಕ್ಕದಲ್ಲೇ ನಡೆದಳು. ಓದು ಮುಗಿದ ಮೇಲೆ ಕೆಂಚಿ ಹೊಂಗೆಯ ನೆರಳಿನಲ್ಲಿ ಕೂತು, ಅತ್ತೆಯ ಬೇಜಾರನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದಳು. ಅದನ್ನೂ ನಡುವೆ ಬಿಡಲಿಲ್ಲ.

ನೀತಿ: ಹಾದುಹೋದದ್ದೆಲ್ಲ ಓದಿದ್ದಾಗುವುದಿಲ್ಲ, ಕರೆದವರಿಗೆ, ಮುನಿದವರಿಗೆ ಆಮೇಲೆ ಓಗೊಡಬಹುದು, ಹಿಡಿದ ಓದನ್ನು ಮಾತ್ರ ಕೊನೆಯವರೆಗೆ ಬಿಡಬಾರದು.