ಸಂಕವ್ವನ ಕಿವಿ ದೊಡ್ಡದಾದದ್ದು

ಬಾ ಮಗಾ, ಕಾಲು ಮಡಚಿ ಕೂತ್ಕೋ. ಸೊಳ್ಳೆ ಕಚ್ಚಿದರೆ ಹೊಡ್ಕೋ, ಕತೆಯ ನಡುವೆ ಮಾತ್ರ ಎದ್ದು ಹೋಗಬೇಡ.

ಲೋಕ ಆಗಿನ್ನೂ ಹೊಸದು. ಗಾಳಿಗೆ ಬುದ್ಧಿ ಬಂದಿರಲಿಲ್ಲ. ಬಾವಲಿಗಳಿಗೆ ಬಟ್ಟಲುಗಣ್ಣು, ಎಳ್ಳಿನಷ್ಟು ಕಿವಿ. ಒಂದು ಗವಿಯಲ್ಲಿ ಸಂಕವ್ವ ಅನ್ನೋ ಬಾವಲಿ, ಅವಳ ಗಂಡ ಜೋತಪ್ಪ, ಮೊನ್ನೆ ಹುಟ್ಟಿದ ಕೂಸು ಮುದ್ದಿ ಇದ್ದರು. ಗವಿಯ ನೆತ್ತಿಯಲ್ಲೊಂದು ಕಿಂಡಿ, ಅದರಿಂದ ಬೆಳಕು. ಕೆಳಗೆ ಆಳದ ಮಡು.

ಹುಳ ಹಿಡಿಯೋಕೆ ಹೋಗುವಾಗ ಕೂಸನ್ನು ಚಾವಣಿಗೆ ತಗಲಿಹಾಕಿ ಹೋಗೋದು ಅವರ ಪದ್ಧತಿ. ಸಂಕವ್ವ ದಿನಾ ಹೇಳುವಳು, "ಬಾಯಿ ಬಿಟ್ಟೀಯೆ, ಜೋಕೆ! ಹಾವು ನನ್ನ ದನಿಯಲ್ಲೇ ಕರೀತದೆ. ಯಾರು ಕರೆದರೂ ಓ ಅನ್ನಬೇಡ."

ಒಂದು ಸಂಜೆ ಗಾಳಿ ಆಟಕ್ಕೆ ಬಂಡೆ ಉರುಳಿಸಿತು. ಬಂಡೆ ಹೋಗಿ ಕಿಂಡಿಗೆ ಕೂತಿತು. ಸಂಕವ್ವ, ಜೋತಪ್ಪ ಬಂದು ಬದಿಯ ಸಂದಿಯಿಂದ ಗವಿ ಹೊಕ್ಕರೆ, ಕಾಡಿಗೆ ಬಳಿದ ಹಾಗೆ ಕತ್ತಲು!

"ಮುದ್ದೀ!"

ಓ ಇಲ್ಲ. ಹೇಳಿದ ಮಾತು ಮೀರದ ಕೂಸು ಅದು.

"ಚೆನ್ನಾಯ್ತು ಬಿಡೇ, ನೀನು ಕಲಿಸಿದ ಬುದ್ಧಿ!" ಜೋತಪ್ಪ ಹಂಗಿಸಿದ.

"ಹಂಗಿಸೋದು ಆಮೇಲೆ, ಹುಡುಕು ಮೊದಲು! ಎಳೆ ಉಗುರು ಸೋತರೆ ಕೂಸು ಮಡುವಿಗೆ ಬೀಳ್ತದೆ."

ಅತ್ತ ಹಾರಿದಳು, ಗೋಡೆ. ಇತ್ತ ಹಾರಿದಳು, ಗೋಡೆ.

"ಗವಿಯಪ್ಪಾ, ನನ್ನ ಕೂಸೆಲ್ಲಿ?"

"ನನಗೆಲ್ಲಿಯ ಕಣ್ಣು ತಾಯಿ? ಕೊಟ್ಟ ದನೀನ ತಿರುಗಿ ಕೊಡೋದೊಂದೇ ಗೊತ್ತು," ಅಂತು ಗವಿ.

ಸಂಕವ್ವ ಕೂಗಿದಳು. ಕೂಗು ಕಲ್ಲಿಗೆ ಬಡಿದು ಟಣ್ ಅಂತ ಮರಳಿತು. ಮತ್ತೆ ಕೂಗಿದಳು, ಮತ್ತೆ ಟಣ್. ಕಿವಿ ಹಿಗ್ಗಿಸಿ ಹಿಗ್ಗಿಸಿ ಕೇಳಿದಳು. ಕಣ್ಣಿಂದ ಏನುಪಯೋಗ? ಕಿರಿದು ಮಾಡಿಕೊಂಡಳು. ಕೂಗುತ್ತಾ ತಿರುಗಿದಳು, ತಿರುಗುತ್ತಾ ಕೂಗಿದಳು. ಒಂದು ಕಡೆ ಮಾತ್ರ ಕೂಗು ಟಣ್ ಅನ್ನಲಿಲ್ಲ. ಹತ್ತಿಗೆ ತಾಗಿದ ಹಾಗೆ ಮೆತ್ತಗೆ ಬಂತು.

"ಕಲ್ಲಿಗೆಲ್ಲಿಯ ತುಪ್ಪಳ!" ಅಂತ ಅತ್ತಲೇ ನುಗ್ಗಿದಳು. ಮುದ್ದಿಯ ಒಂದು ಕಾಲು ಆಗಲೇ ಜಾರಿತ್ತು. ಇನ್ನೊಂದು ಜಾರುವಷ್ಟರಲ್ಲಿ ಎದೆಗವಚಿಕೊಂಡಳು.

"ಅವ್ವಾ, ನಾನು ಓ ಅನ್ನಲೇ ಇಲ್ಲ ನೋಡು!"

"ಇನ್ನು ಮೇಲೆ ಬಾಯಿ ಮುಚ್ಚಿಕೊಂಡಿದ್ದರೆ ಬಾರಿಸ್ತೀನಿ," ಅಂದಳು ಸಂಕವ್ವ, ಅಳುತ್ತಾ.

ಗಾಳಿಗೆ ನಾಚಿಕೆಯಾಗಿ ಗವಿಯೊಳಗೆ ಕಾಲಿಡೋದನ್ನೇ ಬಿಟ್ಟಿತು. ಜೋತಪ್ಪ ಹೆಂಡತಿಯ ಹಿಂದೆ ಹಾರುತ್ತಾ ಕೂಗೋದು ಕಲಿತ. ಮುದ್ದಿ ಬೆಳೆದು ಗವಿ ತುಂಬ ಮಕ್ಕಳನ್ನು ಹಡೆದಳು, ಎಲ್ಲವೂ ಬಾಯಿಬಡುಕ. ಸಂಕವ್ವನ ಹಿಗ್ಗಿದ ಕಿವಿ ಕುಗ್ಗಲೇ ಇಲ್ಲ, ಎದೆಯ ಧಾವಂತವೂ ಆರಲಿಲ್ಲ. ಅದಕ್ಕೇ ಮಗಾ, ಇವತ್ತಿಗೂ ದೀಪ ಹಚ್ಚೋ ಹೊತ್ತಿಗೆ ಬಾವಲಿ ನೆಟ್ಟಗೆ ಹಾರೋದಿಲ್ಲ. ಅತ್ತ ತಿರುಗಿ, ಇತ್ತ ತಿರುಗಿ, ಕೂಗಿ ಕೂಗಿ ಕಿವಿಗೊಡ್ತಾನೇ ಇರ್ತದೆ.